ಕಡತದ ಅಪ್ಪಣೆ: ಬರೆಹವು ಆಜ್ಞೆಯಾಗಿ ನಡೆದ ಬಗೆ

1

'ಕಡತ' ಎಂಬ ಮಾತಿನ ಹಳೆಯ ಅರ್ಥವು ವಿದ್ವಾಂಸರಿಗೆ ತಿಳಿದೇ ಇದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಕಪ್ಪನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಪುಸ್ತಕಕ್ಕೆ ಆ ಹೆಸರಿತ್ತು. ಮೈಸೂರು ದೇಶದ ಚರಿತ್ರೆಯನ್ನು 1810ರಲ್ಲಿ ಪ್ರಕಟಿಸಲಾರಂಭಿಸಿದ ಮಾರ್ಕ್ ವಿಲ್ಕ್ಸ್ ಇದನ್ನು ವಿಶೇಷವಾಗಿ ವರ್ಣಿಸಿರುವನು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಆಕರಗಳಾಗಿ ಒದಗಿವೆ. ಕಾಲಕ್ರಮದಲ್ಲಿ ಈ ಮಾತು ಕಚೇರಿಯ ಕಾಗದಗಳ ಕಟ್ಟಿಗೆ ಸಂದು, ಅಲ್ಲಿಂದ ಗಣಕಯಂತ್ರದಲ್ಲಿ ಒಂದು ಹೆಸರಿನಡಿ ಸಂಗ್ರಹವಾಗಿರುವ ಬರೆಹಕ್ಕೂ ಸಂದಿದೆ. ಇಂಗ್ಲಿಷಿನವರು 'ಫೈಲ್' ಎನ್ನುವುದನ್ನು ನಮ್ಮವರು 'ಕಡತ' ಎಂದು ಕನ್ನಡಿಸಿದಾಗ, ತಿಳಿದೋ ತಿಳಿಯದೆಯೋ, ಒಂದು ಹಳೆಯ ಪ್ರಶ್ನೆಯನ್ನೂ ಜತೆಯಲ್ಲಿಯೇ ತಂದರು. ಕಲ್ಲಿನ ಬರೆಹವನ್ನು ತಿದ್ದುವುದು ಕಷ್ಟ. ಕಡತದ ಬರೆಹವನ್ನು ಒದ್ದೆಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದು. ಆದುದರಿಂದ ಕಡತದ ವಿಷಯದಲ್ಲಿ ಏನು ಬರೆದಿದೆ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಬಳಪವು ಯಾರ ಕೈಯಲ್ಲಿದೆ ಎಂಬುದು.

ಗಣಕಯಂತ್ರದ ಕಡತಗಳಿಗೆ ಅಪ್ಪಣೆಯನ್ನು ಗೊತ್ತುಮಾಡುವ ಪದ್ಧತಿಯು ಹೇಗೆ ಹುಟ್ಟಿತು, ಒಂದು ಕಾರ್ಯಕ್ರಮವು ತನ್ನೊಳಗಿನಿಂದಲೇ ಮತ್ತೊಂದು ಬರೆಹವನ್ನು ನಡೆಸುವ ಕ್ರಮವು ಹೇಗೆ ಬೆಳೆಯಿತು, ಇವೆರಡೂ ಕೂಡಿದ ಕಡೆ ಯಾವ ತೊಡಕು ಉಂಟಾಯಿತು, ಮತ್ತು ಚಾಮರಾಜನಗರದ ತಾಲ್ಲೂಕಿನ ಬದನಗುಪ್ಪೆಯಂತಹ ಒಂದು ಗ್ರಾಮದ ರೈತನಿಗೆ ಇದರಿಂದ ಆಗಬೇಕಾದುದೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

2

ಆಜ್ಞೆಯನ್ನು ಬರೆಯುವುದು ಬೇರೆ, ಆಜ್ಞೆಯು ನಡೆಯುವುದು ಬೇರೆ ಎಂಬ ವಿವೇಕವು ನಮ್ಮ ಶಾಸನಗಳಲ್ಲಿ ಚೆನ್ನಾಗಿ ಕಾಣುತ್ತದೆ. ದಾನವನ್ನು ಕೊಡುವವನು ಅರಸು. ಶಾಸನದ ಪಾಠವನ್ನು ರಚಿಸುವವನು ಕವಿ. ಅದನ್ನು ಕಂಡರಿಸುವವನು ಮತ್ತೊಬ್ಬ. ಪೂರ್ವ ಚಾಲುಕ್ಯರೇ ಮೊದಲಾದವರ ತಾಮ್ರಪಟಗಳಲ್ಲಿ 'ಆಜ್ಞಪ್ತಿ' ಎಂಬ ಅಧಿಕಾರಿಯೊಬ್ಬನ ಹೆಸರು ಬರುತ್ತದೆ. ಅರಸನ ಆಜ್ಞೆಯನ್ನು ಸಂಬಂಧಪಟ್ಟವರಿಗೆ ಮುಟ್ಟಿಸಿ ನಡೆಯಿಸುವುದು ಇವನ ಕೆಲಸ. ಇವನು ಅರಸನಲ್ಲ, ಆದರೆ ಆ ಒಂದು ಕಾರ್ಯದ ಮಟ್ಟಿಗೆ ಅರಸನ ಅಧಿಕಾರವು ಇವನಲ್ಲಿ ನೆಲಸಿರುತ್ತದೆ. ಕಾರ್ಯವು ಮುಗಿದೊಡನೆ ಆ ಅಧಿಕಾರವೂ ಮುಗಿಯುತ್ತದೆ. ತಾಮ್ರಪಟಗಳ ಬಳೆಗೆ ಒತ್ತಿದ ಮುದ್ರೆಯು ಈ ಅಧಿಕಾರದ ಗುರುತು.

ಬರೆಹವು ಒಂದೇ ಆಗಿದ್ದರೂ ಅಧಿಕಾರವು ಸುಳ್ಳಾಗಬಹುದು ಎಂಬುದಕ್ಕೆ ಗಂಗರ ತಾಮ್ರಪಟಗಳ ವಿವಾದವೇ ಸಾಕ್ಷಿ. ಅವುಗಳಲ್ಲಿ ಅನೇಕವು ಕೃತ್ರಿಮವೆಂದು ಫ್ಲೀಟನು ವಾದಿಸಿದನು, ರೈಸನು ಒಪ್ಪಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟವಾಗಿ 1898ರಲ್ಲಿ ಹೊರತಂದವನೂ ಈ ರೈಸನೇ. ಆ ವಿವಾದದಲ್ಲಿ ಇಲ್ಲಿ ನಮಗೆ ಬೇಕಾದ ಅಂಶವಿಷ್ಟೆ: ಶಾಸನದ ಪಾಠವನ್ನು ಓದಬಲ್ಲವನು ಅದನ್ನು ನಕಲುಮಾಡಬಲ್ಲನು, ಆದರೆ ನಕಲುಮಾಡಿದ ಮಾತ್ರಕ್ಕೆ ಅರಸನ ಅಧಿಕಾರವು ಅವನ ಕೈಗೆ ಬಂದಂತಾಗದು. ಮುಂದೆ ಹೇಳುವ ಯಂತ್ರದ ಚರಿತ್ರೆಯಲ್ಲಿಯೂ ಇದೇ ತತ್ತ್ವವು ಬೇರೆ ವೇಷದಲ್ಲಿ ಬರುತ್ತದೆ.

3

ಮೊದಮೊದಲು ಗಣಕಯಂತ್ರವನ್ನು ಒಂದು ಹೊತ್ತಿಗೆ ಒಬ್ಬರು ಬಳಸುತ್ತಿದ್ದರು. ಆಗ ಅಪ್ಪಣೆಯ ಪ್ರಶ್ನೆಯೇ ಇರಲಿಲ್ಲ. 1961ರಲ್ಲಿ ಅಮೆರಿಕದ ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಕೊರ್ಬಾಟೊ ಎಂಬಾತನೂ ಅವನ ಸಂಗಡಿಗರೂ ಅನೇಕರು ಏಕಕಾಲದಲ್ಲಿ ಬಳಸಬಹುದಾದ ಕಾಲಹಂಚಿಕೆಯ ವ್ಯವಸ್ಥೆಯೊಂದನ್ನು ತೋರಿಸಿಕೊಟ್ಟರು. ಒಂದೇ ಮನೆಯಲ್ಲಿ ಹಲವು ಸಂಸಾರಗಳು ಸೇರಿದ ಮೇಲೆ ಪೆಟ್ಟಿಗೆಗಳಿಗೆ ಬೀಗ ಬೇಕಾಯಿತು.

ಆ ವ್ಯವಸ್ಥೆಯಲ್ಲಿ ಒಮ್ಮೆ ನಡೆದ ಪ್ರಮಾದವನ್ನು ಕೊರ್ಬಾಟೊವೇ ಮುಂದೆ ಹೇಳಿರುವನು. ತಿದ್ದುವ ಕಾರ್ಯಕ್ರಮವು ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರನ್ನಿಡುತ್ತಿತ್ತು. ವ್ಯವಸ್ಥೆಯ ಮೇಲ್ವಿಚಾರಕರಲ್ಲಿ ಒಬ್ಬರು ದಿನದ ಪ್ರಕಟಣೆಯನ್ನೂ ಮತ್ತೊಬ್ಬರು ಎಲ್ಲರ ಗುಪ್ತಪದಗಳ ಪಟ್ಟಿಯನ್ನೂ ಒಂದೇ ಸಮಯದಲ್ಲಿ ತಿದ್ದಲು ತೊಡಗಲಾಗಿ, ಎರಡೂ ಅದಲುಬದಲಾಗಿ, ಒಳಗೆ ಬಂದವರಿಗೆಲ್ಲ ಗುಪ್ತಪದಗಳ ಪಟ್ಟಿಯೇ ಪ್ರಕಟಣೆಯಾಗಿ ಕಾಣಿಸಿಕೊಂಡಿತು. ಇಲ್ಲಿ ಯಾವ ಕಳ್ಳನೂ ಇರಲಿಲ್ಲ, ಅಪ್ಪಣೆಯುಳ್ಳವರೇ ಇಬ್ಬರು. ಕಡತವನ್ನು ನಿರ್ಮಿಸುವ ಕ್ಷಣದಲ್ಲಿ ಅದು ಯಾರದು ಎಂಬುದನ್ನು ಗೊತ್ತುಮಾಡದಿದ್ದುದೇ ದೋಷ.

ಇದರ ಮುಂದಿನ ವ್ಯವಸ್ಥೆಯಾದ ಮಲ್ಟಿಕ್ಸ್ ಎಂಬುದರಲ್ಲಿ ಪ್ರತಿಯೊಂದು ಕಡತಕ್ಕೂ ಯಾರುಯಾರು ಏನೇನು ಮಾಡಬಹುದು ಎಂಬ ಪಟ್ಟಿಯನ್ನೇ ಸೇರಿಸಿದರು. ಅದು ಬಹು ವಿಸ್ತಾರವಾದ ಯೋಜನೆ. ಬೆಲ್ ಪ್ರಯೋಗಶಾಲೆಯವರು 1969ರಲ್ಲಿ ಅದರಿಂದ ಹಿಂದೆ ಸರಿದರು. ಅದೇ ವರ್ಷ ಅಲ್ಲಿಯ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ಕಟ್ಟತೊಡಗಿದರು. 1971ರ ನವೆಂಬರ್ 3ರ ತಾರೀಖನ್ನು ಹೊತ್ತ ಅದರ ಮೊದಲ ಕೈಪಿಡಿಯಲ್ಲಿಯೇ ಅಪ್ಪಣೆಯನ್ನು ಬದಲಾಯಿಸುವ 'ಚ್‌ಮಾಡ್' ಎಂಬ ಆಜ್ಞೆಯು ವಿವರಿಸಲ್ಪಟ್ಟಿದೆ. ಆಗ ಇದ್ದ ಗುರುತುಗಳು ಆರೇ: ಒಡೆಯನಿಗೆ ಓದು ಮತ್ತು ಬರೆಹ, ಇತರರಿಗೆ ಓದು ಮತ್ತು ಬರೆಹ, ಕಡತವನ್ನು ಕಾರ್ಯಕ್ರಮವಾಗಿ ನಡೆಸಬಹುದೆಂಬ ಗುರುತು ಒಂದು, ಮುಂದೆ ಹೇಳಲಿರುವ ವಿಶೇಷ ಗುರುತು ಮತ್ತೊಂದು. ತರುವಾಯ ಒಡೆಯನಿಗೂ ಇತರರಿಗೂ ನಡುವೆ 'ಗುಂಪು' ಎಂಬುದು ಸೇರಿ, ಮೂವರಿಗೂ ಓದು, ಬರೆಹ, ನಡೆಸುವಿಕೆ ಎಂಬ ಮೂರು ಮೂರು ಗುರುತುಗಳು ಏರ್ಪಟ್ಟುವು. ಓದಿಗೆ 4, ಬರೆಹಕ್ಕೆ 2, ನಡೆಸುವುದಕ್ಕೆ 1 ಎಂದು ಎಣಿಸಿ ಕೂಡಿಸುವರು. 755 ಎಂದರೆ ಒಡೆಯನಿಗೆ ಮೂರೂ ಉಂಟು. ಗುಂಪಿಗೂ ಇತರರಿಗೂ ಓದು ಮತ್ತು ನಡೆಸುವಿಕೆ ಮಾತ್ರ. 644 ಎಂದರೆ ಒಡೆಯನು ಓದಿ ಬರೆಯಬಹುದು, ಉಳಿದವರು ಓದಬಹುದು, ಯಾರೂ ನಡೆಸಲಾಗದು.

ಈ ಗುರುತುಗಳನ್ನು ಬದಲಾಯಿಸುವ ಹಕ್ಕು ಕಡತದ ಒಡೆಯನಿಗೂ ಸರ್ವಾಧಿಕಾರಿಗೂ ಮಾತ್ರ ಉಂಟು. ಬರೆಯುವ ಅಪ್ಪಣೆಯಿದ್ದವನಿಗೂ ಇಲ್ಲ. ಹೊಲವನ್ನು ಉಳುವ ಗೇಣಿದಾರನು ಹೊಲವನ್ನು ಕ್ರಯಕ್ಕೆ ಕೊಡಲಾರನು ಎಂಬಂತೆ ಇದು. ಮತ್ತೊಂದು ಸೂಕ್ಷ್ಮವೂ ಇದೆ. ಈ ಮನೆತನದ ಇಂದಿನ ವ್ಯವಸ್ಥೆಯಾದ ಲಿನಕ್ಸಿನಲ್ಲಿ ಸರ್ವಾಧಿಕಾರಿಯು ಯಾವ ಕಡತವನ್ನಾದರೂ ಓದಬಲ್ಲನು, ತಿದ್ದಬಲ್ಲನು. ಆದರೆ ನಡೆಸುವ ಗುರುತು ಒಬ್ಬರಿಗೂ ಇಲ್ಲದ ಕಡತವನ್ನು ಅವನೂ ಕಾರ್ಯಕ್ರಮವಾಗಿ ನೇರವಾಗಿ ನಡೆಸಲಾರನು. ಸಾಮಾನ್ಯವಾದ ಬರೆಹವೊಂದು ಅಕಸ್ಮಾತ್ತಾಗಿ ಆಜ್ಞೆಯಾಗಿ ಬಿಡಬಾರದೆಂಬ ಎಚ್ಚರವು ಇದರಲ್ಲಿದೆ.

4

ಮೇಲೆ ಸೂಚಿಸಿದ ಆರನೆಯ ಗುರುತು ರಿಚಿಯ ಕಲ್ಪನೆ. ಸಾಧಾರಣವಾಗಿ ಕಾರ್ಯಕ್ರಮವು ಅದನ್ನು ನಡೆಸುವವನ ಅಧಿಕಾರದಿಂದಲೇ ನಡೆಯುತ್ತದೆ. ಈ ಗುರುತುಳ್ಳ ಕಾರ್ಯಕ್ರಮವಾದರೋ, ಯಾರೇ ನಡೆಸಲಿ, ಕಡತದ ಒಡೆಯನ ಅಧಿಕಾರದಿಂದ ನಡೆಯುತ್ತದೆ. 1974ರಲ್ಲಿ ರಿಚಿ ಮತ್ತು ಥಾಂಪ್ಸನ್ ಪ್ರಕಟಿಸಿದ ಯೂನಿಕ್ಸ್ ಲೇಖನದಲ್ಲಿ ಇದರ ಪ್ರಯೋಜನಕ್ಕೆ ಒಂದು ಆಟದ ಅಂಕಪಟ್ಟಿಯ ಸಮಸ್ಯೆಯು ಉಲ್ಲೇಖಿತವಾಗಿದೆ. ಆಡುವವರೆಲ್ಲರ ಅಂಕಗಳೂ ಒಂದೇ ಕಡತದಲ್ಲಿ ಸೇರಬೇಕು; ಆದರೆ ಆಡುವವನು ಅದನ್ನು ತಾನಾಗಿ ತೆರೆದು ತಿದ್ದಿಕೊಳ್ಳಬಾರದು. ಆಟದ ಕಾರ್ಯಕ್ರಮಕ್ಕೆ ಈ ಗುರುತನ್ನಿಟ್ಟರೆ, ಆಟದ ಮೂಲಕವಲ್ಲದೆ ಬೇರೆ ದಾರಿಯಿಂದ ಅಂಕವನ್ನು ಬರೆಯಲು ಯಾರಿಗೂ ಸಾಧ್ಯವಾಗದು. ರಿಚಿಯ ಹೆಸರಿನಲ್ಲಿ 1973ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 1979ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟು ದೊರೆಯಿತು. ಮುಂದೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು.

ಇದು ನಮ್ಮ ಆಜ್ಞಪ್ತಿಯ ಪದವಿಯೇ ಸರಿ: ಒಂದು ನಿಯತವಾದ ಕಾರ್ಯಕ್ಕೆ ಮಾತ್ರ ಒಡೆಯನ ಅಧಿಕಾರವನ್ನು ಎರವಲು ಕೊಡುವುದು. ಎರವಲು ಪಡೆದವನು ನಿಯತವಾದ ಕಾರ್ಯವನ್ನು ಬಿಟ್ಟು ಬೇರೆಯವರ ಮಾತಿಗೆ ಕಿವಿಗೊಟ್ಟರೆ ಕೇಡು ಎಂಬುದೂ ಎರಡು ಕಡೆಗೂ ಸಮಾನ.

5

ಇನ್ನು ಬರೆಹವನ್ನು ನಡೆಸುವ ವಿಚಾರ. ಒಂದಾದಮೇಲೊಂದು ಕೊಡಬೇಕಾದ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಒಟ್ಟಿಗೆ ನಡೆಸುವ ಉಪಾಯವನ್ನು ಮೇಲೆ ಹೇಳಿದ ಕಾಲಹಂಚಿಕೆಯ ವ್ಯವಸ್ಥೆಗಾಗಿ ಲೂಯಿ ಪೂಜಾಂ ಎಂಬ ಫ್ರೆಂಚ್ ತಜ್ಞನು 'ರನ್‌ಕಾಮ್' ಎಂಬ ಹೆಸರಿನಲ್ಲಿ ನಿರ್ಮಿಸಿದನು. ಬಳಸುವವನ ಮಾತನ್ನು ಕೇಳಿ ಯಂತ್ರಕ್ಕೆ ಮುಟ್ಟಿಸುವ ಕಾರ್ಯಕ್ರಮಕ್ಕೆ 'ಶೆಲ್' ಎಂಬ ಹೆಸರನ್ನಿಟ್ಟವನೂ ಅವನೇ. ಯೂನಿಕ್ಸಿನ ಅನೇಕ ಕಡತಗಳ ಹೆಸರಿನ ಕೊನೆಯಲ್ಲಿ ಇಂದಿಗೂ ಕಾಣುವ 'ಆರ್‌ಸಿ' ಎಂಬ ಎರಡಕ್ಷರವು ರನ್‌ಕಾಮ್ ಎಂಬುದರ ಅವಶೇಷ. ಇಂತಹ ಆಜ್ಞಾಸಂಗ್ರಹವೇ 'ಸ್ಕ್ರಿಪ್ಟ್'.

ಯಂತ್ರಭಾಷೆಗೆ ಇಳಿಸಿದ ಕಾರ್ಯಕ್ರಮಕ್ಕೂ ಸ್ಕ್ರಿಪ್ಟಿಗೂ ಒಂದು ಮುಖ್ಯವಾದ ಭೇದವುಂಟು. ಮೊದಲನೆಯದನ್ನು ಯಂತ್ರವು ನೇರವಾಗಿ ನಡೆಸುತ್ತದೆ. ನಡೆಸುವ ಗುರುತೊಂದಿದ್ದರೆ ಸಾಕು. ಸ್ಕ್ರಿಪ್ಟನ್ನಾದರೋ ಶೆಲ್ಲು ಅಥವಾ ಬೇರೊಬ್ಬ ವ್ಯಾಖ್ಯಾತನು ಓದಿ ಓದಿ ನಡೆಸಬೇಕು. ಯಾವ ವ್ಯಾಖ್ಯಾತನೆಂಬುದನ್ನು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿಯೇ, ಎರಡು ಚಿಹ್ನೆಗಳ ಮುಂದೆ ಬರೆಯುವ ಪದ್ಧತಿಯನ್ನು ರಿಚಿಯು 1980ರ ಜನವರಿಯಲ್ಲಿ ತಿಳಿಸಿದನು. ಆ ಚಿಹ್ನೆಗಳು '#!' ಎಂಬುವು. ಓದದೆ ವ್ಯಾಖ್ಯಾನವಿಲ್ಲವಾದುದರಿಂದ ಸ್ಕ್ರಿಪ್ಟಿಗೆ ನಡೆಸುವ ಅಪ್ಪಣೆಯೊಡನೆ ಓದುವ ಅಪ್ಪಣೆಯೂ ಬೇಕೇ ಬೇಕು. ಇದರ ವಿಲೋಮವೂ ಗಮನಾರ್ಹವಾಗಿದೆ. ನಡೆಸುವ ಗುರುತಿಲ್ಲದ ಸ್ಕ್ರಿಪ್ಟನ್ನೂ, ಓದಬಲ್ಲವನು, ವ್ಯಾಖ್ಯಾತನ ಹೆಸರನ್ನು ಮುಂದಿಟ್ಟು ನಡೆಸಬಹುದು. ಹಾಗಾದರೆ ಆ ಗುರುತಿನಿಂದ ಫಲವೇನು? ಸ್ಕ್ರಿಪ್ಟಿನ ಮಟ್ಟಿಗೆ ಅದು ಬೀಗವಲ್ಲ, 'ಇದು ಆಜ್ಞೆ' ಎಂಬ ಘೋಷಣೆ ಮಾತ್ರ. ನಿಜವಾದ ಕಾವಲು ಇರುವುದು ಯಾರ ಅಧಿಕಾರದಿಂದ ಅದು ನಡೆಯುತ್ತದೆ ಎಂಬುದರಲ್ಲಿ. ತಾಮ್ರಪಟದ ನಕಲನ್ನು ಯಾರು ಬೇಕಾದರೂ ಗಟ್ಟಿಯಾಗಿ ಓದಬಹುದು, ಓದಿದವನು ಅರಸನಾಗುವುದಿಲ್ಲ.

ಸ್ಕ್ರಿಪ್ಟಿಗೆ ರಿಚಿಯ ಆರನೆಯ ಗುರುತನ್ನೂ ಇಟ್ಟರೆ ಏನಾಗುತ್ತದೆ? ವ್ಯವಸ್ಥೆಯು ಮೊದಲು ಕಡತವನ್ನು ನೋಡಿ, ಒಡೆಯನ ಅಧಿಕಾರವನ್ನು ಕೊಟ್ಟು, ವ್ಯಾಖ್ಯಾತನನ್ನು ಕರೆಯುತ್ತದೆ; ವ್ಯಾಖ್ಯಾತನು ಅದೇ ಹೆಸರಿನ ಕಡತವನ್ನು ಎರಡನೆಯ ಸಲ ತೆರೆಯುತ್ತಾನೆ. ಈ ಎರಡು ಕ್ಷಣಗಳ ನಡುವೆ ಹೆಸರನ್ನು ಹಾಗೆಯೇ ಉಳಿಸಿ ಕಡತವನ್ನು ಬದಲಾಯಿಸಿದರೆ, ಅಪ್ಪಣೆ ಒಂದಕ್ಕೆ, ನಡೆಯುವುದು ಮತ್ತೊಂದು. ಮುದ್ರೆಯನ್ನು ಪರೀಕ್ಷಿಸಿದ ಮೇಲೆ ಹಲಗೆಯನ್ನು ಬದಲಿಸಿದ ಕೂಟಶಾಸನದಂತೆ ಇದು. ಈ ಕಾರಣದಿಂದಲೇ ಲಿನಕ್ಸು ಸ್ಕ್ರಿಪ್ಟುಗಳ ಮೇಲಿನ ಆ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

6

ಒಂದು ಕಾರ್ಯಕ್ರಮವು ತನ್ನೊಳಗಿನಿಂದ ಮತ್ತೊಂದನ್ನು ನಡೆಸಬೇಕಾದರೆ ಯೂನಿಕ್ಸಿನಲ್ಲಿ ಎರಡು ಹೆಜ್ಜೆಗಳುಂಟು. ಮೊದಲು ಅದು ತನ್ನದೇ ಪ್ರತಿಯೊಂದನ್ನು ಹುಟ್ಟಿಸುತ್ತದೆ. ಆ ಪ್ರತಿಯು ಬಳಿಕ ತನ್ನ ಒಡಲನ್ನು ಬಿಟ್ಟು ಹೊಸ ಕಾರ್ಯಕ್ರಮದ ಒಡಲನ್ನು ಪ್ರವೇಶಿಸುತ್ತದೆ. ಪರಕಾಯಪ್ರವೇಶದ ಕಥೆಗಳನ್ನು ಬಲ್ಲ ನಮಗೆ ಇದು ವಿಚಿತ್ರವಲ್ಲ. ಒಡಲು ಬದಲಾದರೂ ತಾಯಿಯ ಅಧಿಕಾರವು ಮಗುವಿಗೆ ಹಾಗೆಯೇ ಉಳಿಯುತ್ತದೆ. ಕೆಲಸ ಮುಗಿದಾಗ ಮಗುವು ಒಂದು ಅಂಕೆಯನ್ನು ತಾಯಿಗೆ ಒಪ್ಪಿಸುತ್ತದೆ: ಸೊನ್ನೆಯಾದರೆ ಸಫಲ, ಬೇರೆಯಾದರೆ ವಿಫಲ. ಈ ಅಂಕೆಯನ್ನು ನೋಡದೆ ಮುಂದುವರಿಯುವ ಕಾರ್ಯಕ್ರಮವು, ಓಲೆಕಾರನು ಹಿಂದಿರುಗಿದನೇ ಎಂದು ವಿಚಾರಿಸದ ಕಚೇರಿಯಂತೆ.

ಈ ಎರಡು ಹೆಜ್ಜೆಗಳ ಬದಲು, ಆಜ್ಞೆಯನ್ನೆಲ್ಲ ಒಂದೇ ಸಾಲಾಗಿ ಬರೆದು ಶೆಲ್ಲಿನ ಕೈಗೆ ಕೊಡುವ ಸುಲಭಮಾರ್ಗವೂ ಇದೆ. ಆಗ ಆ ಸಾಲಿನ ಪದಚ್ಛೇದವನ್ನು ಮಾಡುವವನು ಶೆಲ್ಲು. ಶಾಸನಗಳನ್ನು ಓದಿದವರಿಗೆ ಪದಚ್ಛೇದದ ಅಪಾಯವನ್ನು ವಿವರಿಸಬೇಕಾಗಿಲ್ಲ. ಹಳಗನ್ನಡದ ಲಿಪಿಕಾರರು ಪದಗಳ ನಡುವೆ ಎಡೆಬಿಡದೆ ಬರೆದುದರಿಂದ ಎಷ್ಟೋ ಪಾಠಗಳು ಸಂದಿಗ್ಧವಾಗಿವೆ. ಶೆಲ್ಲಿನಲ್ಲಿ ಇದಕ್ಕೆ ತಿರುವುಮುರುವಾದ ತೊಂದರೆ: ಎಡೆಬಿಟ್ಟಲ್ಲೆಲ್ಲ ಅದು ಒಡೆಯುತ್ತದೆ. 'ಬದನಗುಪ್ಪೆ ಪಹಣಿ' ಎಂದು ನಡುವೆ ಎಡೆಬಿಟ್ಟು ಕಡತಕ್ಕೆ ಹೆಸರಿಟ್ಟರೆ, ಉದ್ಧರಣಚಿಹ್ನೆಗಳಿಲ್ಲದ ಕಡೆ ಅದು 'ಬದನಗುಪ್ಪೆ' ಎಂಬುದೊಂದು, 'ಪಹಣಿ' ಎಂಬುದೊಂದು, ಹೀಗೆ ಎರಡು ಕಡತಗಳೆಂದು ಭಾವಿಸುತ್ತದೆ. ಅರ್ಧವಿರಾಮವು ಬಂದರೆ ಅಲ್ಲಿಗೆ ಒಂದು ಆಜ್ಞೆ ಮುಗಿದು ಮತ್ತೊಂದು ಮೊದಲಾಯಿತೆಂದು ತಿಳಿಯುತ್ತದೆ. ಆದಕಾರಣ, ಅರ್ಜಿದಾರನು ತುಂಬಿದ ಹೆಸರನ್ನು ಹಾಗೆಯೇ ಸಾಲಿನಲ್ಲಿ ಸೇರಿಸುವ ಕಾರ್ಯಕ್ರಮದಲ್ಲಿ, ಹೆಸರಿನ ಸ್ಥಳದಲ್ಲಿ ಅರ್ಧವಿರಾಮವನ್ನೂ ಒಂದು ಆಜ್ಞೆಯನ್ನೂ ಬರೆದವನ ಮಾತೇ ಕಚೇರಿಯ ಅಧಿಕಾರದಿಂದ ನಡೆದುಹೋಗುತ್ತದೆ. ಪದಗಳನ್ನು ಮೊದಲೇ ಬಿಡಿಬಿಡಿಯಾಗಿ ವಿಂಗಡಿಸಿ, ಶೆಲ್ಲಿನ ನೆರವಿಲ್ಲದೆ ನೇರವಾಗಿ ಒಪ್ಪಿಸುವುದೇ ಇದಕ್ಕೆ ಪರಿಹಾರ.

ಕಾರ್ಯಕ್ರಮದೊಳಗಿನಿಂದ ಅಪ್ಪಣೆಯನ್ನು ಗೊತ್ತುಮಾಡುವಾಗಲೂ ಒಂದು ಬಲೆಯಿದೆ. ಮೇಲಿನ 755 ಎಂಬುದು ನಾವು ಎಣಿಸುವ ದಶಮಾನದ ಸಂಖ್ಯೆಯಲ್ಲ, ಎಂಟರ ಮಾನದ್ದು. 'ಸಿ' ಮೊದಲಾದ ಭಾಷೆಗಳಲ್ಲಿ ಇದನ್ನು ಸೂಚಿಸಲು ಮುಂದೆ ಒಂದು ಸೊನ್ನೆಯನ್ನು ಬರೆಯಬೇಕು. ಸೊನ್ನೆಯನ್ನು ಬಿಟ್ಟರೆ ಯಂತ್ರವು ದಶಮಾನದ 755ನ್ನು ತೆಗೆದುಕೊಳ್ಳುತ್ತದೆ. ಎಂಟರ ಮಾನದಲ್ಲಿ ಅದು 1363 ಆಗುತ್ತದೆ. ಆಗ ಒಡೆಯನ ಪಾಲಿಗೆ ಬಂದುದು 3, ಎಂದರೆ ಬರೆಹ ಮತ್ತು ನಡೆಸುವಿಕೆ. ಅವನಿಗೆ ಓದುವ ಅಪ್ಪಣೆಯೇ ತಪ್ಪಿತು. ಇತರರಿಗೋ ಬರೆಯುವ ಅಪ್ಪಣೆಯು ಬಂದಿತು. ತನ್ನ ಸ್ಕ್ರಿಪ್ಟು ತನಗೇ ನಡೆಯದು, ಊರವರೆಲ್ಲ ಅದನ್ನು ತಿದ್ದಬಹುದು! ಒಂದು ಸೊನ್ನೆಯ ಲೋಪದಿಂದ ಇಷ್ಟು ವಿಪರೀತ. ಅಪ್ಪಣೆಯಿಲ್ಲವೆಂಬ ಉತ್ತರವನ್ನು ಕಂಡು ಬೇಸತ್ತವರು 777 ಎಂದು ಎಲ್ಲರಿಗೂ ಎಲ್ಲವನ್ನೂ ತೆರೆದಿಡುವುದುಂಟು. ಸರ್ವಾಧಿಕಾರಿಯು ನಡೆಸಲಿರುವ ಸ್ಕ್ರಿಪ್ಟಿಗೆ ಹಾಗೆ ಮಾಡಿದರೆ, ಅರಸನು ಬರಿಯ ಹಾಳೆಗೆ ಮುದ್ರೆಯೊತ್ತಿ ಚಾವಡಿಯಲ್ಲಿ ಇಟ್ಟುಹೋದಂತೆ.

7

ಇದೆಲ್ಲವೂ ದೂರದೇಶದ ಪ್ರಯೋಗಶಾಲೆಗಳ ಮಾತೆಂದು ಭಾವಿಸಲಾಗದು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಮಾರ್ಗದಲ್ಲಿ ಬದನಗುಪ್ಪೆಯು ಒಂದು ನಿಲ್ದಾಣ. ಇಲ್ಲಿಯ ಜಮೀನುಗಳಲ್ಲಿ ಕೆಲವು ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಸೇರಿವೆ. ಇಂತಹ ಊರಿನಲ್ಲಿ ಯಾವ ಸರ್ವೆ ನಂಬರು ಯಾರ ಹೆಸರಿನಲ್ಲಿದೆ ಎಂಬ ಒಂದು ಸಾಲಿನ ಬೆಲೆಯನ್ನು ಹೇಳಬೇಕಾಗಿಲ್ಲ.

ಆ ಸಾಲನ್ನು ಬರೆಯುವ ಹಕ್ಕು ಹಿಂದೆ ಶಾನುಭೋಗರದು. ಅದು ವಂಶಪಾರಂಪರ್ಯವಾಗಿ ಬಂದುದು. ಓದುಬರೆಹಗಳೆರಡೂ ಒಂದೇ ಮನೆಯಲ್ಲಿದ್ದುವು. ಕಡತವೂ ಆ ಮನೆಯಲ್ಲಿಯೇ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಆ ಹಕ್ಕು ಹೋಗಿ, ಸರಕಾರದ ಸಂಬಳ ಪಡೆಯುವ ಗ್ರಾಮಲೆಕ್ಕಿಗರ ಕೈಗೆ ಲೇಖನಿಯು ಬಂದಿತು. ಒಡೆಯನು ಬದಲಾದನು, ಆದರೆ ಒಬ್ಬನೇ ಬರೆದು, ಒಬ್ಬನೇ ಇಟ್ಟುಕೊಂಡು, ಒಬ್ಬನೇ ನಕಲು ಕೊಡುವ ಕ್ರಮವು ಬದಲಾಗಲಿಲ್ಲ. ಕರ್ನಾಟಕ ಸರಕಾರದ 'ಭೂಮಿ' ಯೋಜನೆಯು ಈ ಕ್ರಮಕ್ಕೇ ಕೈಹಾಕಿತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಯಾರಿಗಾದರೂ ನಕಲು ದೊರೆಯುವಂತೆ ಮಾಡಿ, ಕೈಬರೆಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿದರು. ಖಾತೆ ಬದಲಾವಣೆಯ ಅರ್ಜಿಯನ್ನು ದಾಖಲುಮಾಡುವವರು ಒಬ್ಬರು. ಅದರ ಮೇಲೆ ಆದೇಶಮಾಡುವ ಕಂದಾಯ ನಿರೀಕ್ಷಕರು ಮತ್ತೊಬ್ಬರು. ತಿದ್ದುವವರು ಬೆರಳಿನ ಗುರುತನ್ನು ಕೊಟ್ಟೇ ಒಳಗೆ ಹೋಗಬೇಕೆಂದು ಏರ್ಪಡಿಸಿದರು.

ನಮ್ಮ ವಿಷಯದ ಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು. ಓದುವ ಅಪ್ಪಣೆಯು ಇತರರೆಲ್ಲರಿಗೂ ಆಯಿತು. ಬರೆಯುವ ಅಪ್ಪಣೆಯು ಕೆಲವರಿಗೇ ಸೀಮಿತವಾಗಿ, ಅವರಲ್ಲಿಯೂ ಹಂಚಿಹೋಯಿತು. ನಡೆಸುವುದನ್ನು ಕಾರ್ಯಕ್ರಮಕ್ಕೆ ಒಪ್ಪಿಸಿದರು. ಈ ಮೂರನೆಯದೇ ಹೊಸದು. ಇಂತಹ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಅಧಿಕಾರಿಗಳು ದಾಖಲೆಯ ಸಂಗ್ರಹವನ್ನು ತಾವೇ ಮುಟ್ಟುವುದಿಲ್ಲ. ನಡುವಣ ಕಾರ್ಯಕ್ರಮವೊಂದು ತನ್ನ ಅಧಿಕಾರದಿಂದ ಎಲ್ಲರ ಪರವಾಗಿಯೂ ಬರೆಯುತ್ತದೆ. ಎಂದಮೇಲೆ, ಯಾರ ಮಾತಿನಂತೆ ಬರೆದೆನೆಂಬುದನ್ನು ಆ ಕಾರ್ಯಕ್ರಮವೇ ನೆನಪಿಡಬೇಕು. ಸಂಗ್ರಹಕ್ಕೆ ಕಾಣುವುದು ಕಾರ್ಯಕ್ರಮದ ಕೈ ಒಂದೇ. ನಾರ್ಮನ್ ಹಾರ್ಡಿ ಎಂಬ ತಜ್ಞನು 1988ರಲ್ಲಿ ಇಂತಹ ಸಂದರ್ಭದ ಅಪಾಯಕ್ಕೆ 'ಕಂಗೆಟ್ಟ ಪ್ರತಿನಿಧಿ' ಎಂಬರ್ಥದ ಹೆಸರನ್ನಿಟ್ಟನು: ಅಧಿಕಾರವುಳ್ಳ ಕಾರ್ಯಕ್ರಮವು ಅಧಿಕಾರವಿಲ್ಲದವನ ಮಾತನ್ನು ಕೇಳಿ, ತನ್ನ ಅಧಿಕಾರದಿಂದಲೇ ಅದನ್ನು ನಡೆಸಿಬಿಡುವುದು.

8

ಮೇಲಿನ ವಿವರಗಳಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ಕಡತದ ಅಪ್ಪಣೆಯು ಬಚ್ಚಿಡುವ ಉದ್ದೇಶದಿಂದ ಹುಟ್ಟಿದುದಲ್ಲ. ಅನೇಕರು ಒಂದೆಡೆ ಸೇರಿ ಬಳಸುವುದಕ್ಕಾಗಿ ಹುಟ್ಟಿದುದು. ಎರಡನೆಯದಾಗಿ, ಬರೆಹವನ್ನು ಆಜ್ಞೆಯನ್ನಾಗಿ ಮಾಡುವುದು ಬರೆಹದೊಳಗಿನ ಗುಣವಲ್ಲ, ಅದನ್ನು ನಡೆಸುವವನ ಅಧಿಕಾರ. ಮೂರನೆಯದಾಗಿ, ಅಧಿಕಾರವನ್ನು ಎರವಲು ಕೊಡುವ ಸ್ಥಳದಲ್ಲಿಯೇ ಕೃತ್ರಿಮಕ್ಕೆ ಅವಕಾಶ ಹೆಚ್ಚು. ತಾಮ್ರಪಟದ ಕಾಲಕ್ಕೂ ಇದು ನಿಜ, ಬೆರಳಗುರುತಿನ ಕಾಲಕ್ಕೂ ನಿಜ.

ಶಾನುಭೋಗರ ಕಡತದಲ್ಲಿ ತಪ್ಪು ಸೇರಿದರೆ ರೈತನು ಅವರ ಜಗಲಿಯಲ್ಲಿ ಕುಳಿತು ಕೇಳಬಹುದಾಗಿತ್ತು. ಉತ್ತರವು ದೊರೆಯದಿದ್ದರೂ ಕೇಳಬೇಕಾದವರು ಯಾರೆಂಬುದಾದರೂ ತಿಳಿದಿತ್ತು. ಇಂದಿನ ಕಡತದಲ್ಲಿ ಬರೆಯುವ ಕೈಯು ಕಾರ್ಯಕ್ರಮದ್ದು. ಅದಕ್ಕೆ ಅಪ್ಪಣೆಯನ್ನಿತ್ತವರು ಯಾರು, ಎಷ್ಟರ ಮಟ್ಟಿಗೆ ಇತ್ತರು, ಯಾರ ಮಾತಿನಂತೆ ಅದು ನಡೆಯಿತು ಎಂಬ ಮೂರನ್ನೂ ಬರೆದಿಡುವ ವ್ಯವಸ್ಥೆಯಿಲ್ಲದಿದ್ದರೆ ಬದನಗುಪ್ಪೆಯ ರೈತನು ಕೇಳತಕ್ಕ ಜಗಲಿಯೇ ಇಲ್ಲದಂತಾಗುತ್ತದೆ. ಶಾಸನಗಳಲ್ಲಿ ಆಜ್ಞಪ್ತಿಯ ಹೆಸರನ್ನೂ ಬರೆದವನ ಹೆಸರನ್ನೂ ಕಂಡರಿಸಿದ ಹಿಂದಿನವರು ಈ ವಿಷಯದಲ್ಲಿ ನಮಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿರುವರು.